ಸ್ಪ್ಲಿಟ್ ಎ.ಸಿ.: ಗೋಡೆಗೆ ಕೂರಿಸುವ ದಿನದಿಂದ ಬಿಚ್ಚಿ ಒಯ್ಯುವ ದಿನದವರೆಗೆ

ಏಪ್ರಿಲ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಗ್ಯಾಸ್ ಖಾಲಿಯಾಗಿದೆ, ತುಂಬಿಸಿಕೊಡಿ." ಎ.ಸಿ.ಯ ಗ್ಯಾಸು ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ತೀರುವಂಥದ್ದಲ್ಲ. ತಾಮ್ರದ ಪೈಪಿನೊಳಗೆ ಸುತ್ತುತ್ತಲೇ ಇರುವ ಕಿಲೋ ಆಸುಪಾಸಿನ ಗ್ಯಾಸು ಹತ್ತು ವರ್ಷ ಕಳೆದರೂ ಅಷ್ಟೇ ಇರಬೇಕು. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ.

ಕಲಬುರಗಿಯ ಒಂದು ಮನೆಯಲ್ಲಿ ಮೂರು ಬೇಸಿಗೆ ಸಾಲಾಗಿ ಗ್ಯಾಸ್ ತುಂಬಿಸಿದ್ದರು. ನಾಲ್ಕನೆಯ ಬೇಸಿಗೆಗೆ ನನ್ನನ್ನು ಕರೆದರು. ಇಂಡೋರ್ (ಕೋಣೆಯೊಳಗಿನ ಪೆಟ್ಟಿಗೆ) ಹಿಂದಿನ ಜಾಯಿಂಟಿಗೆ ಸುತ್ತಿದ್ದ ಟೇಪು ಬಿಚ್ಚಿದಾಗ ಒಳಗಿನ ಸ್ಪಂಜು ಎಣ್ಣೆ ಕುಡಿದು ಕಪ್ಪಾಗಿತ್ತು. ಗ್ಯಾಸು ಸೋರುವ ಕಡೆ ಕಂಪ್ರೆಸರಿನ (ಗ್ಯಾಸನ್ನು ಒತ್ತಿ ಓಡಿಸುವ ಯಂತ್ರದ) ಎಣ್ಣೆಯೂ ಜಿನುಗುತ್ತದೆ, ಅದೇ ಗುರುತು. ನಟ್ ಬಿಚ್ಚಿ ನೋಡಿದರೆ ಫ್ಲೇರಿನ (ಜಾಯಿಂಟಿಗಾಗಿ ತುತ್ತೂರಿಯ ಬಾಯಿಯಂತೆ ಅಗಲಿಸಿದ ಪೈಪಿನ ತುದಿಯ) ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ತುದಿಯ ಒಂದಿಂಚು ಕತ್ತರಿಸಿ ಹೊಸ ಫ್ಲೇರ್ ಮಾಡಿದೆ, ವ್ಯಾಕ್ಯೂಮ್ ಮಾಡಿ (ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆದು) ತೂಕ ಹಾಕಿ ಗ್ಯಾಸು ತುಂಬಿದೆ. ಆಮೇಲೆ ಆ ಮನೆಯಿಂದ ಗ್ಯಾಸಿಗೆಂದು ಫೋನು ಬಂದಿಲ್ಲ. ಆ ಬಿರುಕು ಎ.ಸಿ. ಕೂರಿಸಿದ ದಿನದ್ದು. ಮೂರು ವರ್ಷ ಯಾರೂ ಆ ಟೇಪು ಬಿಚ್ಚಿ ನೋಡಿರಲಿಲ್ಲ.

ಎ.ಸಿ.ಯ ಆಯಸ್ಸು ಕೂರಿಸುವ ದಿನವೇ ನಿರ್ಧಾರವಾಗುತ್ತದೆ ಎಂದು ನಾನು ಹೇಳುವುದು ಇಂಥವನ್ನು ನೋಡಿ ನೋಡಿ. ಹಾಗಾಗಿ ಇಲ್ಲಿ ಕೂರಿಸುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಇದನ್ನು ಬರೆದದ್ದು ಹೊಸದಾಗಿ ಈ ಕೆಲಸಕ್ಕೆ ಇಳಿದ ಹುಡುಗರಿಗೆ, ಜೊತೆಗೆ ಮೆಕ್ಯಾನಿಕ್ ಬಂದಾಗ ಪಕ್ಕದಲ್ಲಿ ನಿಂತು ನೋಡಬೇಕೆನ್ನುವ ಮನೆಯವರಿಗೆ. ಗ್ಯಾಸಿನ ಕೆಲಸ, ವಯರಿಂಗ್ ಕೆಲಸಕ್ಕೆ ಮನೆಯವರು ಕೈಹಾಕಬೇಡಿ. ಆದರೆ ಏನು ನಡೆಯಬೇಕು ಎಂದು ಗೊತ್ತಿದ್ದರೆ ಅದು ನಡೆಯದಿದ್ದಾಗ ಕೇಳಬಹುದು.

ಒಳಗಿನ ಲೆಕ್ಕ

ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನು ಹೊರಹಾಕುವ ಶಕ್ತಿ. ಮಂಜುಗಡ್ಡೆಯೇ ತಂಪಿನ ಮೂಲವಾಗಿದ್ದ ಕಾಲದ ಅಳತೆ ಇದು: ಒಂದು ಅಮೆರಿಕನ್ ಟನ್ (2,000 ಪೌಂಡು) ಐಸು 24 ಗಂಟೆಯಲ್ಲಿ ಕರಗುವಾಗ ಹೀರುವ ಬಿಸಿ. "ಹಾಟ್ ಅಂಡ್ ಕೋಲ್ಡ್" ಮಾದರಿಯಲ್ಲಿ ನಾಲ್ಕು ಬಾಯಿಯ ಒಂದು ವಾಲ್ವ್ ಇರುತ್ತದೆ. ಅದು ಗ್ಯಾಸಿನ ದಾರಿ ತಿರುಗಿಸಿದರೆ ಅದೇ ಯಂತ್ರ ಹೊರಗಿನ ಗಾಳಿಯ ಬಿಸಿಯನ್ನು ಹೀರಿ ಒಳಗೆ ತರುತ್ತದೆ. ಇದನ್ನೇ ಹೀಟ್ ಪಂಪ್ ಎನ್ನುವುದು. ರಾಡ್ ಹೀಟರು ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಬಿಸಿ ಕೊಟ್ಟರೆ ಇದು ನಮ್ಮ ಕಡೆಯ ಚಳಿಯಲ್ಲಿ ಸುಮಾರು ಮೂರು ಯೂನಿಟ್ ಕೊಡುತ್ತದೆ. ಮಡಿಕೇರಿಯಲ್ಲಿ, ಡಿಸೆಂಬರಿನ ಬೀದರಿನಲ್ಲಿ ಹೊಸ ಎ.ಸಿ. ಕೊಳ್ಳುವವರಿಗೆ ನಾನು ಈ ಮಾದರಿಯನ್ನೇ ಹೇಳುತ್ತೇನೆ.

ಅಳತೆಗೆ ಕೈಲೆಕ್ಕ ಇಷ್ಟು: 120 ಚದರಡಿವರೆಗೆ ಒಂದು ಟನ್, 180ರವರೆಗೆ ಒಂದೂವರೆ. ರಾಯಚೂರಿನಲ್ಲಿ ಮೇಲ್ಮಹಡಿಯ ಆರ್‌ಸಿಸಿ ಛಾವಣಿಯ ಕೆಳಗೆ, ಪಡುವಣ ಬಿಸಿಲು ಬೀಳುವ ಗೋಡೆಯ ಕೋಣೆಯಾದರೆ ಒಂದು ಮೆಟ್ಟಿಲು ಮೇಲೆ ಹೋಗಿ. ಮಂಗಳೂರಿನಲ್ಲಿ ಹಾಗೆ ಬೇಡ. ಅಲ್ಲಿ ಶೆಕೆಗಿಂತ ತೇವದ ಕಾಟ ಜಾಸ್ತಿ. ಅಗತ್ಯಕ್ಕಿಂತ ದೊಡ್ಡ ಎ.ಸಿ. ಬೇಗ ತಣ್ಣಗೆ ಮಾಡಿ ನಿಧಾನಗೊಳ್ಳುತ್ತದೆ, ತೇವ ಹಾಗೇ ಉಳಿದು ಹಾಸಿಗೆ ಹಸಿ ಹಸಿ ಅನಿಸುತ್ತದೆ.

ಜಾಗ ನೋಡುವುದು

ಇಂಡೋರ್ ನೆಲದಿಂದ ಏಳು ಅಡಿಗಿಂತ ಮೇಲಿರಲಿ. ಅದರ ತಲೆ ಮತ್ತು ಛಾವಣಿ ನಡುವೆ ಆರಿಂಚಾದರೂ ಬಿಡಿ, ಅದು ಗಾಳಿ ಹೀರುವುದು ಮೇಲಿನಿಂದ. ಟಿ.ವಿ.ಯ ನೆತ್ತಿ, ಸ್ವಿಚ್‌ಬೋರ್ಡಿನ ನೆತ್ತಿ ಬೇಡ. ಡ್ರೈನ್ ನೀರು ತಾನಾಗಿ ಇಳಿದು ಹೋಗುವ ಹೊರಗೋಡೆ ಸಿಕ್ಕರೆ ಅದೇ ಒಳ್ಳೆಯ ಗೋಡೆ.

ತಲೆ ಕೆಡಿಸಿಕೊಳ್ಳಬೇಕಾದದ್ದು ಕಂಪ್ರೆಸರ್ ಇರುವ ಹೊರಗಿನ ಪೆಟ್ಟಿಗೆ, ಅಂದರೆ ಔಟ್‌ಡೋರ್ ಬಗ್ಗೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಎರಡು ಬ್ಲಾಕಿನ ನಡುವಿನ ಕಿರಿದಾದ ಡಕ್ಟಿನಲ್ಲಿ ಮಹಡಿಗೊಂದರಂತೆ ಔಟ್‌ಡೋರ್ ಸಾಲಾಗಿ ನೇತಾಡುತ್ತವೆ. ಕೆಳಗಿನದು ಉಗುಳಿದ ಬಿಸಿಗಾಳಿಯನ್ನು ಮೇಲಿನದು ನುಂಗುತ್ತದೆ. ಹೊರಗೆ 34 ಡಿಗ್ರಿ ಇದ್ದರೂ ಮೇಲಿನ ಮನೆಯ ಎ.ಸಿ.ಗೆ ಸಿಗುವುದು ಇನ್ನೂ ಬಿಸಿಯಾದ ಗಾಳಿ. ಕರೆಂಟು ಹೆಚ್ಚು ತಿಂದು ಕಡಿಮೆ ತಂಪು ಕೊಡುತ್ತದೆ, ಮಧ್ಯಾಹ್ನ ಟ್ರಿಪ್ಪೂ ಆಗುತ್ತದೆ. ಇದನ್ನು ಆಮೇಲೆ ಯಾವ ಸರ್ವಿಸೂ ಸರಿಮಾಡಲಾರದು. ಹಿಂದೆ ಒಂದಡಿ, ಮುಂದೆ ಕನಿಷ್ಠ ಎರಡಡಿ, ಸಾಧ್ಯವಾದರೆ ಪೂರ್ತಿ ಬಯಲು ಸಿಗುವಂತೆ ಕೂರಿಸಿ. ಕಲಬುರಗಿ, ಬಳ್ಳಾರಿ ಕಡೆ ಪಡುವಣ ಬಿಸಿಲು ನೇರ ಬೀಳದ ಗೋಡೆ ಹುಡುಕಿ. ಕಾರವಾರ, ಮಲ್ಪೆಯಂಥ ಊರಿನಲ್ಲಿ ಕಡಲಿಗೆ ಮುಖ ಮಾಡಿಸಬೇಡಿ. ಉಪ್ಪುಗಾಳಿ ಕಾಯಿಲಿನ (ಗ್ಯಾಸು ಸುತ್ತುವ ಪೈಪಿನ ಸುರುಳಿಯ) ಅಲ್ಯುಮಿನಿಯಂ ಫಿನ್ನನ್ನು, ಅಂದರೆ ತೆಳು ತಗಡುಗಳನ್ನು, ಪುಡಿ ಮಾಡಿಬಿಡುತ್ತದೆ. ಅಲ್ಲಿ ಕೋಟಿಂಗ್ ಇರುವ ಕಾಯಿಲ್ ತಗೊಂಡು, ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಯಬೇಕು.

ಬ್ರಾಕೆಟ್ಟು ಹಿಡಿಯುವುದು ಗೋಡೆಯನ್ನು ನೋಡಿಕೊಂಡು. ಕಾಂಕ್ರೀಟಿಗೆ ಆಂಕರ್ ಫಾಸ್ಟನರ್ ಸರಿ. ಕರಾವಳಿಯ ಮುರಕಲ್ಲಿಗೆ, ಹಾಲೋ ಬ್ಲಾಕಿಗೆ ಅದು ನಿಲ್ಲುವುದಿಲ್ಲ. ಮೊದಲ ದಿನ ಗಟ್ಟಿ ಅನಿಸಿದರೂ ಕಂಪ್ರೆಸರಿನ ನಡುಕಕ್ಕೆ ತೂತು ಅಗಲವಾಗುತ್ತಾ ಹೋಗುತ್ತದೆ. ಅಲ್ಲಿ ಗೋಡೆಯ ಆಚೆಗೂ ಹಾದು ಹೋಗುವ ಬೋಲ್ಟು ಹಾಕಿ, ಒಳಮುಖಕ್ಕೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿಯಿರಿ. ಬ್ರಾಕೆಟ್ಟು ಮತ್ತು ಔಟ್‌ಡೋರ್ ನಡುವೆ ರಬ್ಬರ್ ಪ್ಯಾಡ್ ಇರಲಿ.

ಮನೆಯವರಿಗೆ ಒಂದು ಮಾತು. ಔಟ್‌ಡೋರ್ ಇಡುವ ಜಾಗಕ್ಕೆ ಮನುಷ್ಯ ನಿಂತು ಕೆಲಸ ಮಾಡುವಂತಿರಬೇಕು. ನಾಲ್ಕನೇ ಮಹಡಿಯ ಒಂದಡಿ ಸಜ್ಜೆಯ ಮೇಲೆ ಬೆಲ್ಟಿಲ್ಲದೆ ಹುಡುಗನನ್ನು ಇಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಲ್ಟು, ಹಗ್ಗ, ಹಗ್ಗ ಕಟ್ಟಲು ಗಟ್ಟಿ ಕಂಬ ಮೂರೂ ಇಲ್ಲದಿದ್ದರೆ ಕೆಲಸ ನಿಲ್ಲಿಸಿ. ಈ ಕೆಲಸದಲ್ಲಿ ಬಿದ್ದು ಸಾಯುವವರು ಇಪ್ಪತ್ತರ ಆಸುಪಾಸಿನ ಹುಡುಗರು.

ಕರೆಂಟು

ಒಂದೂವರೆ ಟನ್ನಿಗೆ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆಯದೇ ಲೈನು, 4 ಚದರ ಮಿ.ಮೀ. ತಾಮ್ರದ ವಯರು, 20 ಆಂಪಿಯರಿನ ಸಿ ಟೈಪ್ ಎಂಸಿಬಿ (ಹೊರೆ ಮೀರಿದರೆ ತಾನೇ ಇಳಿಯುವ ಸ್ವಿಚ್ಚು). ಗೀಸರಿನ ಪಾಯಿಂಟಿನಿಂದ ಎಳೆದುಕೊಂಡರೆ ಒಂದು ದಿನ ಸಾಕೆಟ್ ಕರಗುತ್ತದೆ. ಅರ್ಥಿಂಗ್ ಇದೆ ಎಂದು ಬಾಯಿಮಾತಿಗೆ ನಂಬದೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಯಿರಿ. 3 ವೋಲ್ಟಿನ ಒಳಗಿರಬೇಕು. ಇನ್ವರ್ಟರ್ ಎ.ಸಿ.ಯ (ಕಂಪ್ರೆಸರಿನ ವೇಗ ಬದಲಾಗುವ ಎ.ಸಿ.ಯ) ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡು, ಸುಟ್ಟ ಮನೆಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ಸಂಜೆ ವೋಲ್ಟೇಜ್ ಕುಸಿಯುವ ಊರಾದರೆ ಸ್ಟೆಬಿಲೈಸರ್ ಹಾಕಿಸಿ.

ತೂತು, ಪೈಪು, ಫ್ಲೇರ್

ಹಿಂದಿನ ತಟ್ಟೆಯನ್ನು ಸ್ಪಿರಿಟ್ ಲೆವೆಲ್ ಇಟ್ಟೇ ಗೋಡೆಗೆ ಹೊಡೆಯಿರಿ. 65 ಮಿ.ಮೀ. ಕೋರ್ ಬಿಟ್ಟಿನಿಂದ ಕೊರೆಯುವ ತೂತು ಹೊರಗಡೆಗೆ ಅರ್ಧ ಸೆಂಟಿಮೀಟರಿನಷ್ಟು ಇಳಿಜಾರಾಗಿರಬೇಕು, ಇಲ್ಲವಾದರೆ ಮಳೆನೀರು ಒಳಗೆ ಬರುತ್ತದೆ. ಕೊರೆಯುವ ಮೊದಲು ಆ ಗೋಡೆಯಲ್ಲಿ ವಯರಿನ ಪೈಪು ಎಲ್ಲಿ ಹಾದಿದೆ ಎಂದು ಕೇಳಿ.

ಒಂದೂವರೆ ಟನ್ನಿಗೆ ಸಾಮಾನ್ಯವಾಗಿ ಕಾಲಿಂಚು ಮತ್ತು ಅರ್ಧ ಇಂಚಿನ ಪೈಪು. ಕಂಪನಿಯ ಪುಸ್ತಕ ಬೇರೆ ಹೇಳಿದರೆ ಅದರಂತೆಯೇ ಹಾಕಿ. ಎರಡೂ ಪೈಪಿಗೆ ಬೇರೆ ಬೇರೆ ಇನ್ಸುಲೇಷನ್. ಒಂದೇ ತೋಳಿನಲ್ಲಿ ಎರಡನ್ನೂ ತುರುಕಿದರೆ ಒಂದರ ಬಿಸಿ ಇನ್ನೊಂದಕ್ಕೆ ಹತ್ತುತ್ತದೆ, ಕರಾವಳಿಯಲ್ಲಿ ಗೋಡೆಯುದ್ದ ನೀರೂ ತೊಟ್ಟಿಕ್ಕುತ್ತದೆ. ತಿರುವಿನಲ್ಲಿ ಬೆಂಡಿಂಗ್ ಸ್ಪ್ರಿಂಗ್ ಹಾಕಿ. ಮಡಿಕೆ ಬಿದ್ದ ಪೈಪನ್ನು ಸರಿಮಾಡಲು ಹೋಗದೆ ಕತ್ತರಿಸಿ.

ಈಗ ಫ್ಲೇರ್. ಇಲ್ಲಿ ಅವಸರ ಬೇಡ. ಪೈಪ್ ಕಟರನ್ನು ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪವೇ ಬಿಗಿದು ಕತ್ತರಿಸಿ. ಹ್ಯಾಕ್ಸಾ ಬ್ಲೇಡು ಬೇಡವೇ ಬೇಡ. ಕತ್ತರಿಸಿದ ಅಂಚು ಒಳಮುಖವಾಗಿ ಮಡಚಿಕೊಂಡಿರುತ್ತದೆ, ಅದನ್ನು ರೀಮರಿನಿಂದ ಕೆರೆಯಬೇಕು. ಕೆರೆಯುವಾಗ ಪೈಪಿನ ಬಾಯಿ ನೆಲದ ಕಡೆಗಿರಲಿ, ತಾಮ್ರದ ಚೂರು ಒಳಗೆ ಬಿದ್ದರೆ ನೇರ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಟ್ಟನ್ನು ಮೊದಲೇ ಪೈಪಿಗೆ ತೂರಿಸಿ, ಆಮೇಲೆ ಡೈಗೆ ಹಿಡಿಸಿ. ಫ್ಲೇರಿಂಗ್ ಟೂಲಿನ ಕೋನಿಗೆ ಒಂದು ತೊಟ್ಟು ಎಣ್ಣೆ, ಅದೂ ಕಂಪ್ರೆಸರಿಗೆ ಹೊಂದುವ ಎಣ್ಣೆ. ಬಿಚ್ಚಿದ ಮೇಲೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ: ಒಳಮುಖ ಕನ್ನಡಿಯ ಹಾಗೆ ಹೊಳೆಯಬೇಕು, ಸುತ್ತಲೂ ಒಂದೇ ಅಗಲವಿರಬೇಕು, ಗೀರಾಗಲಿ ಬಿರುಕಾಗಲಿ ಕಾಣಬಾರದು. ಕಾಲಿಂಚಿನ ಫ್ಲೇರು ಸುಮಾರು 9 ಮಿ.ಮೀ., ಅರ್ಧ ಇಂಚಿನದು ಸುಮಾರು 16.5 ಮಿ.ಮೀ. ಅಗಲ ಬರಬೇಕು. ಅನುಮಾನ ಬಂದರೆ ಕತ್ತರಿಸಿ ಇನ್ನೊಂದು ಮಾಡಿ. ಹೋಗುವುದು ಒಂದಿಂಚು ತಾಮ್ರ.

ಜೋಡಿಸುವಾಗ ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಬೇಕು. ತಿರುಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ. ಆಮೇಲೆ ಎರಡು ಸ್ಪ್ಯಾನರ್: ಒಂದು ಹಿಡಿಯಲಿಕ್ಕೆ, ಒಂದು ತಿರುಗಿಸಲಿಕ್ಕೆ. ಕಾಲಿಂಚಿಗೆ 14ರಿಂದ 18, ಅರ್ಧ ಇಂಚಿಗೆ 49ರಿಂದ 61 ನ್ಯೂಟನ್ ಮೀಟರ್ ಟಾರ್ಕ್. ಕಲಬುರಗಿಯ ಆ ಬಿರುಕು ತೋಳಿನ ಬಲವೆಲ್ಲ ಹಾಕಿ ಬಿಗಿದದ್ದರ ಫಲ. ಸಡಿಲವಾದ ನಟ್ ಸಾಬೂನು ನೀರಿಗೆ ಅದೇ ದಿನ ಸಿಕ್ಕಿಬೀಳುತ್ತದೆ. ಅತಿಯಾಗಿ ಬಿಗಿದದ್ದು ಎಷ್ಟೋ ಸಲ ಅಂದು ಸುಮ್ಮನಿದ್ದು ತಿಂಗಳುಗಳ ಮೇಲೆ ಬಿರುಕು ಬಿಡುತ್ತದೆ. ಟಾರ್ಕ್ ರೆಂಚಿಗೆ ಹಾಕಿದ ದುಡ್ಡು ಹಾಳಾಗುವುದಿಲ್ಲ.

ನೈಟ್ರೋಜನ್, ವ್ಯಾಕ್ಯೂಮ್

ಆರ್‌-32 ಎಂಬ, ಹೊಸ ಎ.ಸಿ.ಗಳಲ್ಲಿ ಬರುವ ಗ್ಯಾಸು 30 ಡಿಗ್ರಿಯಲ್ಲಿ ಸುಮ್ಮನೆ ನಿಂತಿದ್ದರೂ ಸುಮಾರು 265 ಪಿಎಸ್‌ಐ (ಚದರ ಇಂಚಿಗೆ ಪೌಂಡು) ಒತ್ತಡದಲ್ಲಿರುತ್ತದೆ. ಓಡುವಾಗ ಬಿಸಿ ಬದಿಯಲ್ಲಿ ಇನ್ನೂ ಜಾಸ್ತಿ. ಆದ್ದರಿಂದ ಔಟ್‌ಡೋರಿನ ಎರಡೂ ವಾಲ್ವು ಮುಚ್ಚಿರುವಾಗಲೇ ಪೈಪಿಗೆ ಒಣ ನೈಟ್ರೋಜನ್ ಬಿಟ್ಟು ಪರೀಕ್ಷಿಸಿ. ರೆಗ್ಯುಲೇಟರ್ ಹಾಕಿ ಹಂತ ಹಂತವಾಗಿ ಏರಿಸುತ್ತಾ ನಾನು 400 ಪಿಎಸ್‌ಐವರೆಗೆ ಹೋಗುತ್ತೇನೆ, ಕಂಪನಿಯ ಮಿತಿ ಮೀರುವುದಿಲ್ಲ. ಅರ್ಧ ಗಂಟೆ ಮುಳ್ಳು ಅಲುಗಬಾರದು. ಹೊತ್ತು ಇಳಿದು ಪೈಪು 10 ಡಿಗ್ರಿ ತಣ್ಣಗಾದರೆ 14 ಪಿಎಸ್‌ಐಯಷ್ಟು ತಾನಾಗಿಯೇ ಇಳಿಯುತ್ತದೆ, ಅದು ಸೋರಿಕೆಯಲ್ಲ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರನ್ನು ಇದಕ್ಕೆ ಯಾವತ್ತೂ ಬಳಸಬೇಡಿ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸಿಡಿಯುತ್ತದೆ.

ನೈಟ್ರೋಜನ್ ಹೊರಗೆ ಬಿಟ್ಟ ಮೇಲೆ ವ್ಯಾಕ್ಯೂಮ್ ಪಂಪ್. ಹೆಚ್ಚಿನ ಮನೆಗಳಲ್ಲಿ ಕಳ್ಳಾಟ ನಡೆಯುವುದು ಇಲ್ಲೇ. ಪಂಪ್ ಹೊತ್ತು ತರುವ ತಾಪತ್ರಯ ಬೇಡವೆಂದು ಔಟ್‌ಡೋರಿನ ಗ್ಯಾಸನ್ನೇ ಚೂರು ಬಿಟ್ಟು "ಗಾಳಿ ಓಡಿಸಿದೆ" ಎನ್ನುತ್ತಾರೆ. ಅಷ್ಟರಿಂದ ಗಾಳಿ ಪೂರ್ತಿ ಹೋಗುವುದಿಲ್ಲ, ತೇವವಂತೂ ಹೋಗುವುದೇ ಇಲ್ಲ. ಇಂದಿನ ಕಂಪ್ರೆಸರ್ ಎಣ್ಣೆ ತೇವವನ್ನು ಸ್ಪಂಜಿನ ಹಾಗೆ ಹೀರುತ್ತದೆ, ಆಮ್ಲವಾಗುತ್ತದೆ, ಆ ಆಮ್ಲ ಮೋಟರಿನ ಸುರುಳಿಯ ವಾರ್ನಿಷನ್ನು ತಿನ್ನುತ್ತದೆ. ಐದು ವರ್ಷಕ್ಕೆ ಕಂಪ್ರೆಸರ್ ಹೋದಾಗ ಇದು ಯಾರಿಗೂ ನೆನಪಾಗುವುದಿಲ್ಲ. ಪಂಪಿನಿಂದ ಒತ್ತಡ ತೀರಾ ಇಳಿದರೆ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಹೊರಬರುತ್ತದೆ. ವ್ಯಾಕ್ಯೂಮ್ ಅಳೆಯುವ ಮೈಕ್ರಾನ್ ಗೇಜಿನಲ್ಲಿ 500ಕ್ಕಿಂತ ಕೆಳಗೆ ಇಳಿಯಬೇಕು. ಗ್ಯಾಸಿನ ಒತ್ತಡ ನೋಡುವ ಮ್ಯಾನಿಫೋಲ್ಡ್ ಗೇಜಿನ ಮುಳ್ಳು ಮೈನಸ್ 30ಕ್ಕೆ ಬಂದಿತೆಂದು ನಿಲ್ಲಿಸಿದರೆ ಸಾಲದು, ಆ ಗೇಜಿಗೆ ಅಷ್ಟು ಸೂಕ್ಷ್ಮ ಕಾಣುವುದಿಲ್ಲ.

500 ಬಂದ ಮೇಲೆ ಪಂಪಿನ ವಾಲ್ವ್ ಮುಚ್ಚಿ ಹತ್ತು ನಿಮಿಷ ಕಾಯಿರಿ. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ತೇವ ಉಳಿದಿದೆ, ಪಂಪ್ ಮತ್ತೆ ಓಡಿಸಿ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಎರಡೂ ಇಲ್ಲವೆಂದಾದರೆ ಎಲನ್ ಕೀ ತೆಗೆದುಕೊಂಡು ಮೊದಲು ಸಣ್ಣ ಪೈಪಿನ ವಾಲ್ವನ್ನು ಮೆಲ್ಲಗೆ, ಆಮೇಲೆ ದಪ್ಪ ಪೈಪಿನದನ್ನು ತೆರೆಯಿರಿ, ಎರಡನ್ನೂ ಪೂರ್ತಿ. ಹಿತ್ತಾಳೆಯ ಕ್ಯಾಪುಗಳನ್ನು ಬಿಗಿದು, ಕ್ಯಾಪಿಗೂ ಸೇರಿಸಿ ಪ್ರತಿ ಜಾಯಿಂಟಿಗೆ ಸಾಬೂನು ನೊರೆ ಹಚ್ಚಿ ನೋಡಿ.

ಔಟ್‌ಡೋರಿನಲ್ಲಿ ಬರುವ ಗ್ಯಾಸು ಇಂತಿಷ್ಟು ಮೀಟರ್ ಪೈಪಿಗೆ ಎಂದು ಪುಸ್ತಕದಲ್ಲಿರುತ್ತದೆ. ಅದಕ್ಕಿಂತ ಉದ್ದವಾದರೆ ಮೀಟರಿಗೆ ಇಷ್ಟು ಗ್ರಾಂ ಎಂದು ತಕ್ಕಡಿ ಇಟ್ಟು ಹಾಕಬೇಕು. ಆರ್‌-32 ನಿಧಾನವಾಗಿ ಹೊತ್ತಿಕೊಳ್ಳುವ ಗ್ಯಾಸು. ಕಿಟಕಿ ತೆರೆದಿರಲಿ, ಬೀಡಿ ಸಿಗರೇಟು ದೂರವಿರಲಿ. ಆರ್‌-22 ಎಂಬ ಬೇರೆ ಗ್ಯಾಸಿನ ಹಳೇ ಯಂತ್ರಕ್ಕೆ ಇದನ್ನು ತುಂಬಬೇಡಿ.

ಡ್ರೈನ್ ಮತ್ತು ಓಡಿಸಿ ನೋಡುವುದು

ಎ.ಸಿ. ಬಗ್ಗೆ ಬರುವ ದೂರುಗಳಲ್ಲಿ ಗ್ಯಾಸು ಬಿಟ್ಟರೆ ಗೋಡೆಗೆ ನೀರಿಳಿಯುವುದೇ ಹೆಚ್ಚು. ಮುಂದಿನ ಕವರ್ ತೆಗೆದು ಒಂದು ಲೀಟರ್ ನೀರನ್ನು ಕಾಯಿಲ್ ಕೆಳಗಿನ ಟ್ರೇಗೆ ಮೆಲ್ಲಗೆ ಸುರಿಯಿರಿ. ಒಬ್ಬರು ಹೊರಗೆ ಪೈಪಿನ ತುದಿಯಲ್ಲಿ ನಿಲ್ಲಲಿ. ನೀರು ಧಾರೆಯಾಗಿ ಬಂದು ಟ್ರೇ ಬರಿದಾಗಬೇಕು. ತಡೆತಡೆದು ಗುಳುಗುಳು ಅಂದರೆ ಪೈಪು ಎಲ್ಲೋ ಹೊಟ್ಟೆಯಿಳಿಸಿದೆ. ತುದಿಯನ್ನು ಬಕೆಟಿನ ನೀರಿನಲ್ಲಿ ಮುಳುಗಿಸಬೇಡಿ, ಗಾಳಿ ಕಟ್ಟಿ ನೀರು ಹಿಂದಕ್ಕೆ ನಿಲ್ಲುತ್ತದೆ. ರಾಜಕಾಲುವೆಗೋ ಒಳಚರಂಡಿಗೋ ನೇರ ಜೋಡಿಸಲೂ ಬೇಡಿ. ಅಲ್ಲಿಂದ ಮೇಲೇರುವ ಕೊಳೆತ ಮೊಟ್ಟೆ ವಾಸನೆಯ ಗ್ಯಾಸು ತಾಮ್ರವನ್ನೇ ಕಪ್ಪಾಗಿಸಿ ತಿನ್ನುತ್ತದೆ.

2020ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ರೂಮ್ ಎ.ಸಿ.ಗಳು 24 ಡಿಗ್ರಿಯಲ್ಲೇ ಆನ್ ಆಗಬೇಕೆಂಬ ನಿಯಮವಿದೆ. ದಿನಬಳಕೆಗೆ ಅದು ಸರಿ. ಪರೀಕ್ಷೆಗೆ ಮಾತ್ರ 18ಕ್ಕೆ ಇಳಿಸಿ, ಫ್ಯಾನ್ ಜೋರಿಟ್ಟು, ಇಪ್ಪತ್ತು ನಿಮಿಷ ಓಡಿಸಿ. ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ 10ರಿಂದ 14 ಡಿಗ್ರಿ ವ್ಯತ್ಯಾಸ ಸಿಗಬೇಕು. ಮಳೆಗಾಲದ ಮಂಗಳೂರಿನಲ್ಲಿ ಇದು ಕಡಿಮೆ ಬಂದರೆ ಗಾಬರಿ ಬೇಡ, ತಂಪಿನ ಒಂದು ಪಾಲು ಗಾಳಿಯ ತೇವವನ್ನು ನೀರಾಗಿಸಲು ಹೋಗುತ್ತದೆ. ಹಾಟ್ ಅಂಡ್ ಕೋಲ್ಡ್ ಆದರೆ ಬಿಸಿಗೂ ಹಾಕಿ ನೋಡಿ. ಆಗ ಔಟ್‌ಡೋರಿನಿಂದ ನೀರು ತೊಟ್ಟಿಕ್ಕುತ್ತದೆ, ಕಡು ಚಳಿಯಲ್ಲಿ ಬಿಳಿ ಹಿಮ ಕಟ್ಟಿ ಐದು ಹತ್ತು ನಿಮಿಷ ಬಿಸಿಗಾಳಿ ನಿಲ್ಲುವುದೂ ಉಂಟು. ಯಂತ್ರ ಹಿಮ ಕರಗಿಸಿಕೊಳ್ಳುತ್ತಿದೆ, ಕೆಟ್ಟಿಲ್ಲ.

ಸರ್ವಿಸು

ಫಿಲ್ಟರ್ ತೊಳೆಯುವುದು ಮನೆಯವರ ಕೆಲಸ, ಹದಿನೈದು ದಿನಕ್ಕೊಮ್ಮೆ ನಲ್ಲಿ ನೀರಿನಲ್ಲಿ. ತೊಗರಿ ರಾಶಿಯ ಹೊತ್ತಿನಲ್ಲಿ ಕಲಬುರಗಿ ಕಡೆ, ಕೆಂಧೂಳಿನ ಸಂಡೂರು ಕಡೆ ವಾರಕ್ಕೊಮ್ಮೆ. ನೆರಳಿನಲ್ಲಿ ಒಣಗಿಸಿ ಹಾಕಿ.

ವರ್ಷಕ್ಕೆರಡು ಸಲ ಪೂರ್ತಿ ತೊಳೆಸಿ, ಒಂದು ಸಲ ಬೇಸಿಗೆಗೆ ಮೊದಲೇ ಆಗಲಿ. ಎಂಸಿಬಿ ಇಳಿಸಿದ ಕೂಡಲೇ ಕೈಹಾಕಬೇಡಿ. ಇನ್ವರ್ಟರಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಕರೆಂಟು ನಿಂತಿರುತ್ತದೆ. ಹತ್ತು ನಿಮಿಷ ಕಾದು, ಮೀಟರಿನಲ್ಲಿ ನೋಡಿಯೇ ಮುಟ್ಟಿ. ಇಂಡೋರಿನ ಪಿಸಿಬಿ ಬದಿಗೆ ಪ್ಲಾಸ್ಟಿಕ್ ಹೊದೆಸಿ, ಕೆಳಗೆ ಜೋಳಿಗೆ ಕಟ್ಟಿ. ಜೆಟ್ಟನ್ನು ಫಿನ್ನಿನ ನೇರಕ್ಕೇ ಹಿಡಿಯಿರಿ, ಓರೆಯಾಗಿ ಹಿಡಿದರೆ ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಆಸಿಡ್ ಬೇಡ. ಅನೇಕರು ಕಾಯಿಲ್ ಬೆಳ್ಳಗೆ ಕಂಡರೆ ಮುಗಿಯಿತೆಂದು ಹೊರಡುತ್ತಾರೆ. ಟಾರ್ಚು ಹಾಕಿ ಒಳಗಿನ ಉದ್ದನೆಯ ಬ್ಲೋವರ್ ಚಕ್ರದ ಒಂದೊಂದು ಎಸಳನ್ನೂ ನೋಡಿ. ಅಲ್ಲಿ ಕೂತ ಕರಿ ಪದರವೇ ಗಾಳಿ ಕಡಿಮೆಯಾಗುವುದಕ್ಕೂ ಮುಗ್ಗಲು ವಾಸನೆಗೂ ಕಾರಣ. ಟ್ರೇಯ ಮೂಲೆಯಲ್ಲಿ ಕಟ್ಟಿದ ಲೋಳೆಯನ್ನು ಕೈಯಿಂದಲೇ ತೆಗೆಯಿರಿ. ಔಟ್‌ಡೋರಿನ ಕಾಯಿಲನ್ನು ಒಳಗಿನಿಂದ ಹೊರಕ್ಕೆ ತೊಳೆದರೆ ಧೂಳು ಬಂದ ದಾರಿಯಲ್ಲೇ ಹೋಗುತ್ತದೆ. ಅಲ್ಲೇ ಪಿಸಿಬಿ ಡಬ್ಬಿಯನ್ನೂ ತೆರೆದು ನೋಡಿ, ಹಲ್ಲಿ ಒಳಗೆ ಸಿಕ್ಕಿ ಶಾರ್ಟ್ ಆಗುವುದು, ಅಳಿಲು ವಯರು ಕಡಿಯುವುದು ನಮ್ಮಲ್ಲಿ ಸಾಮಾನ್ಯ.

ತಂಪು ಕಡಿಮೆಯಾಯಿತೆಂದ ಕೂಡಲೇ ಗೇಜು ಹಚ್ಚಬೇಡಿ. ಮೊದಲು ಫಿಲ್ಟರ್, ಬ್ಲೋವರ್, ಔಟ್‌ಡೋರಿನ ಕಾಯಿಲ್ ನೋಡಿ. ಕಾಯಿಲಿಗೆ ಐಸು ಕಟ್ಟಲು ಗ್ಯಾಸು ಕಡಿಮೆಯಾಗಿರುವುದೂ ಕಾರಣವಿರಬಹುದು, ಮುಚ್ಚಿಹೋದ ಫಿಲ್ಟರೂ ಇರಬಹುದು. ನಿಜಕ್ಕೂ ಗ್ಯಾಸು ಕಡಿಮೆಯಿದ್ದರೆ ಸೋರುವ ಜಾಗ ಹುಡುಕಿ ಸರಿಮಾಡಿ. ಉಳಿದದ್ದನ್ನು ರಿಕವರಿ ಸಿಲಿಂಡರಿಗೆ ತೆಗೆದು, ವ್ಯಾಕ್ಯೂಮ್ ಮಾಡಿ, ಔಟ್‌ಡೋರಿನ ತಗಡಿನ ಮೇಲೆ ಬರೆದಷ್ಟನ್ನೇ ತೂಕ ಹಾಕಿ ತುಂಬಿ. ಆರ್‌-32 ಒಂದು ಕಿಲೋ ಗಾಳಿಗೆ ಹೋದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ಮನೆ ಬದಲಾಯಿಸುವಾಗ

ಬಿಚ್ಚುವ ಮೊದಲು ಗ್ಯಾಸನ್ನು ಔಟ್‌ಡೋರಿನೊಳಗೆ ಎಳೆದುಕೊಳ್ಳುವುದೇ ಪಂಪ್‌ಡೌನ್. ಗೇಜು ಹಾಕಿ, ಎ.ಸಿ.ಯನ್ನು ಟೆಸ್ಟ್ ಮೋಡಿನಲ್ಲಿ ಕೂಲಿಂಗಿಗೆ ಓಡಿಸಿ, ಸಣ್ಣ ಪೈಪಿನ ವಾಲ್ವ್ ಮುಚ್ಚಿ. ಮುಳ್ಳು ಸೊನ್ನೆಯ ಹತ್ತಿರ ಬರುತ್ತಿದ್ದ ಹಾಗೆ ದಪ್ಪ ಪೈಪಿನ ವಾಲ್ವ್ ಮುಚ್ಚಿ, ತಕ್ಷಣ ಆಫ್ ಮಾಡಿ. ಕಂಪ್ರೆಸರ್ ಓಡುತ್ತಿರುವಾಗ ನಟ್ಟು ಸಡಿಲಿಸಿದರೆ ಒಳಗೆ ಗಾಳಿ ನುಗ್ಗುತ್ತದೆ. ಗಾಳಿ, ಎಣ್ಣೆ, ಒತ್ತಡ ಮೂರೂ ಸೇರಿದರೆ ಕಂಪ್ರೆಸರ್ ಬಾಂಬಿನಂತೆ ಸಿಡಿಯುತ್ತದೆ. ಮೊದಲೇ ಗ್ಯಾಸು ಸೋರಿ ಖಾಲಿಯಾದ ಯಂತ್ರಕ್ಕೆ ಪಂಪ್‌ಡೌನ್ ಮಾಡಲೇಬೇಡಿ. ಬಿಚ್ಚಿದ ಪೈಪು, ವಾಲ್ವುಗಳ ಬಾಯಿಗೆ ಅಲ್ಲೇ ಕ್ಯಾಪ್ ಹಾಕಿ. ಹೊಸ ಮನೆಯಲ್ಲಿ ಹಳೇ ಫ್ಲೇರನ್ನೇ ಮತ್ತೆ ಬಿಗಿಯದೆ ಕತ್ತರಿಸಿ ಹೊಸದು ಮಾಡಿ.

ಕೊನೆಗೆ ಔಟ್‌ಡೋರಿನ ಕವರಿನ ಒಳಮುಖದಲ್ಲಿ ಮಾರ್ಕರಿನಿಂದ ನಾಲ್ಕು ಸಾಲು ಬರೆಯಿರಿ: ಕೂರಿಸಿದ ದಿನ, ಪೈಪಿನ ಉದ್ದ, ಹೆಚ್ಚುವರಿ ಹಾಕಿದ ಗ್ಯಾಸು ಎಷ್ಟು ಗ್ರಾಂ, ವ್ಯಾಕ್ಯೂಮ್ ಎಷ್ಟು ಮೈಕ್ರಾನಿಗೆ ಇಳಿಯಿತು. ಆರು ವರ್ಷದ ಮೇಲೆ ಆ ಕವರ್ ತೆಗೆಯುವ ಮೆಕ್ಯಾನಿಕ್ಕು ಮೊದಲು ಹುಡುಕುವುದು ಈ ನಾಲ್ಕು ಸಾಲನ್ನೇ.